ಬೋರ್ಡು ನೋಡಿ ಸೀಟು ಹಿಡಿಯುವುದೇ?

ದುಡ್ಡಿದ್ದವರಿಗೆ ಮಣಿಪಾಲ, ಇಲ್ಲದವರಿಗೆ ಕೊಣಾಜೆ! ಕರಾವಳಿಯ ಬಸ್‌ಸ್ಟ್ಯಾಂಡು, ಹೋಟೆಲುಗಳಲ್ಲಿ ಈ ಮಾತಿಗೆ ಬರವಿಲ್ಲ. ಒಂದು ಖಾಸಗಿ ವಿ.ವಿ., ಇನ್ನೊಂದು ಸರ್ಕಾರದ ಮಂಗಳೂರು ವಿ.ವಿ. ಆದರೆ ಚರಿತ್ರೆ ಕೆದಕಿದರೆ ಲೆಕ್ಕ ಇಷ್ಟು ಸಲೀಸಲ್ಲ.

ಡಾ. ಟಿ.ಎಂ.ಎ. ಪೈ ಮಣಿಪಾಲದಲ್ಲಿ ಮೆಡಿಕಲ್ ಕಾಲೇಜು ತೆರೆದದ್ದು 1953ರಲ್ಲಿ. ಕಾಲೇಜು ಖಾಸಗಿ, ಡಿಗ್ರಿ ಮಾತ್ರ ಸರ್ಕಾರಿ ವಿ.ವಿ.ಯದ್ದು. 1980ರಲ್ಲಿ ಮಂಗಳೂರು ವಿ.ವಿ. ಹುಟ್ಟಿದ ಮೇಲೆ ಅಲ್ಲಿನ ಡಾಕ್ಟರುಗಳಿಗೂ ಕೊಣಾಜೆಯದೇ ಮೊಹರು. 1993ರಲ್ಲಿ ಡೀಮ್ಡ್ ಪಟ್ಟ ಸಿಕ್ಕಿ ಮಣಿಪಾಲ ಬೇರೆ ಒಲೆ ಹೂಡಿತು.

1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿ.ವಿ., 1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿ.ವಿ. ಬಂದವು. ಮಿಕ್ಕ ಮೆಡಿಕಲ್, ಇಂಜಿನಿಯರಿಂಗ್ ಕಾಲೇಜುಗಳೂ ಕೊಣಾಜೆಯ ಕೈತಪ್ಪಿದವು. ಉಳಿದದ್ದು ಬಿ.ಎ., ಬಿ.ಕಾಂ., ಎಂ.ಎಸ್ಸಿ.ಗಳು. "ಅಲ್ಲಿ ಎಂಥದುಂಟು ಮಾರಾಯ್ರೆ?" ಎಂಬ ತಾತ್ಸಾರದ ಒಂದು ಬೇರು ಇಲ್ಲುಂಟು.

ಖಾಸಗಿಯವರ ಮೇಲಿನ ಗುಮಾನಿಯೂ ಸುಮ್ಮನೆ ಹುಟ್ಟಿದ್ದಲ್ಲ. ಕ್ಯಾಪಿಟೇಶನ್ ಹಾವಳಿ ತಡೆಯಲು ರಾಜ್ಯ ಸರ್ಕಾರ 1984ರಲ್ಲೇ ಕಾಯಿದೆ ತರಬೇಕಾಯಿತು.

ಡಾಕ್ಟರ್ ಸೀಟನ್ನೂ ಎಂ.ಎ. ಸೀಟನ್ನೂ ಒಂದೇ ತಕ್ಕಡಿಯಲ್ಲಿಟ್ಟು ಸರ್ಕಾರಿಯದು ಹಗುರ ಎಂದರೆ ನ್ಯಾಯವೇ? ಮಕ್ಕಳಿಗೆ ಬೇಕಾದ ಕೋರ್ಸು ಯಾವುದು, ಆ ವಿಭಾಗದಲ್ಲಿ ಪಾಠ ಹೇಳುವವರು ಇದ್ದಾರೋ, ಲ್ಯಾಬು ನಡೆಯುತ್ತದೋ ಎಂದು ಪೋಷಕರು ಮೊದಲು ಹೋಗಿ ವಿಚಾರಿಸಲಿ. ಅಡಿಕೆ ತೋಟ ಅಡವಿಡುವ ಮಾತು ಆಮೇಲೆ.