ಅಳಿದ ಹಕ್ಕಿಯೂ ಎರೆಭೂತವೂ

1993ರ ಜನವರಿಯಲ್ಲಿ ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ಕ್ರೇಗೀಬರ್ನ್ ಬೆಟ್ಟಸಾಲಿಗೆ ಚಾರಣ ಹೋಗಿದ್ದ ಮೂವರು, ತಾವು ಮೋವಾ ಹಕ್ಕಿಯನ್ನು ಕಣ್ಣಾರೆ ಕಂಡೆವೆಂದು ಸಾರಿದರು. ಮೋವಾ ನಿರ್ವಂಶವಾಗಿ ಅದಾಗಲೇ ಐದು ಶತಮಾನಗಳು ಕಳೆದಿದ್ದವು. ಅವರು ಪುರಾವೆಯಾಗಿ ಮುಂದಿಟ್ಟದ್ದು ಮಸುಕಾದ ಒಂದು ಛಾಯಾಚಿತ್ರ. ತಜ್ಞರಿಗೆ ಅದು ಸಾಲಲಿಲ್ಲ. ಆದರೂ ಸುದ್ದಿ ಜಗತ್ತನ್ನು ಸುತ್ತಿತು.

ಮೋವಾ ಸಾಮಾನ್ಯ ಹಕ್ಕಿಯಲ್ಲ. ಅದರ ಒಂಬತ್ತು ಪ್ರಭೇದಗಳಲ್ಲಿ ಅತಿ ದೊಡ್ಡದರ ಹೆಣ್ಣು ಕತ್ತು ಚಾಚಿದರೆ ಸುಮಾರು ಮೂರೂವರೆ ಮೀಟರ್ ಎತ್ತರ. ತೂಕ 200 ಕಿಲೊಗೂ ಮಿಗಿಲು. ರೆಕ್ಕೆಯ ಕುರುಹು ಕೂಡ ಇರಲಿಲ್ಲ. 13ನೆಯ ಶತಮಾನದ ಕೊನೆಯ ಹೊತ್ತಿಗೆ ಪಾಲಿನೇಷ್ಯದಿಂದ ಬಂದಿಳಿದ ಜನರು ಅದನ್ನು ಬೇಟೆಯಾಡಿದರು, ಮೊಟ್ಟೆಗಳನ್ನು ತಿಂದರು, ಕಾಡಿಗೆ ಬೆಂಕಿಯಿಟ್ಟರು. ಸುಮಾರು ಒಂದೂವರೆ ಶತಮಾನದಲ್ಲಿ ಎಲ್ಲವೂ ಮುಗಿಯಿತು. ಮೋವಾವನ್ನು ನಂಬಿ ಬದುಕಿದ್ದ ದೈತ್ಯ ಹಾಸ್ಟ್ ಹದ್ದೂ ಅದರ ಹಿಂದೆಯೇ ಅಳಿಯಿತು.

ಆಸೆ ಪೂರ್ತಿ ಹುಚ್ಚಲ್ಲ ನಿಜ. ಅಳಿದೇಹೋಯಿತೆಂದು ಭಾವಿಸಿದ್ದ ಟಾಕಾಹೆ ಹಕ್ಕಿಯನ್ನು 1948ರಲ್ಲಿ ವೈದ್ಯ ಜೆಫ್ರಿ ಆರ್ಬೆಲ್ ಅದೇ ದ್ವೀಪದ ಮರ್ಚಿಸನ್ ಪರ್ವತಗಳಲ್ಲಿ ಪತ್ತೆಹಚ್ಚಿದರು. ಆದರೆ ಟಾಕಾಹೆ ಕೋಳಿಯಷ್ಟೇ ದೊಡ್ಡದು. ಆಳೆತ್ತರದ ಹಕ್ಕಿಯ ಸಂತತಿಯೊಂದು ಐನೂರು ವರ್ಷ ಗರಿ, ಹಿಕ್ಕೆ, ಮೊಟ್ಟೆಯ ಚೂರು ಯಾವುದನ್ನೂ ಬಿಡದೆ ಬಾಳೀತೆ?

ಹಾಗಿದ್ದೂ ಜನರು ಮೋವಾವನ್ನು ಏಕೆ ಕಾಣುತ್ತಾರೆ? ಕೊಂದವರ ಕುಲಕ್ಕೆ ಸೇರಿದ ನಮಗೆ ಕ್ಷಮೆ ಬೇಕಾಗಿದೆಯೆಂದು ನನಗೆ ತೋರುತ್ತದೆ. ಹಕ್ಕಿ ಬದುಕಿದ್ದರೆ ಪಾಪವೂ ಅಳಿಯುತ್ತದಲ್ಲ!

ಈ ಮಾತು ನನಗೆ ಹೊಳೆದದ್ದು ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಬಯಲಿನಲ್ಲಿ. ಎರಡು ದಿನ ಬೈನಾಕ್ಯುಲರ್ ಹಿಡಿದು ಎರೆಭೂತಕ್ಕಾಗಿ ಅಲೆದೆ, ಕಾಣಲಿಲ್ಲ. ಎರೆನೆಲದ ಹಕ್ಕಿಗೆ ಕನ್ನಡಿಗರಿಟ್ಟ ಹೆಸರು ಅದು. ಮೀಟರ್ ಎತ್ತರದ, 15 ಕಿಲೊವರೆಗೆ ತೂಗುವ ಇದನ್ನು ರಾಷ್ಟ್ರಪಕ್ಷಿಯಾಗಿಸಬೇಕೆಂದು ಸಲೀಂ ಅಲಿ ವಾದಿಸಿದ್ದರು. ಇಂದು ದೇಶದಲ್ಲಿ ಕಾಡಿನಲ್ಲಿ ಉಳಿದಿರುವುದು ಸುಮಾರು 150, ಬಹುಪಾಲು ರಾಜಸ್ಥಾನದಲ್ಲಿ. ಕರ್ನಾಟಕದಲ್ಲಿ ಬೆರಳೆಣಿಕೆಯಷ್ಟು. ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಮೊಟ್ಟೆ. ಎದುರಿನದನ್ನು ಸರಿಯಾಗಿ ಕಾಣದ ಈ ಭಾರದ ಹಕ್ಕಿ ವಿದ್ಯುತ್ ತಂತಿಗೆ ಬಡಿದು ಸಾಯುತ್ತದೆ. ಹುಲ್ಲುಗಾವಲನ್ನು ನಾವು ಪಾಳುಭೂಮಿಯೆಂದು ಬರೆದುಕೊಂಡಿದ್ದೇವೆ.

ಭೂತವೆಂದರೆ ದೆವ್ವವೂ ಹೌದು, ಕಳೆದುಹೋದ ಕಾಲವೂ ಹೌದು. ಮುಂದೊಂದು ದಿನ ಯಾರೋ ಮಸುಕಾದ ಚಿತ್ರ ಹಿಡಿದು ‘ಎರೆಭೂತ ಕಂಡೆ’ ಎನ್ನುತ್ತಾ ಬಂದರೆ, ಆ ಸುದ್ದಿಯೂ ಜಗತ್ತನ್ನು ಸುತ್ತೀತು. ಇಂದು ಬದುಕಿರುವ ಹಕ್ಕಿಯಾದರೋ ಯಾರಿಗೂ ಸುದ್ದಿಯಲ್ಲ.