ಟೋಕಿಯೊಗೆ ಬಂದ ಮೈಸೂರು ಸೀಮೆಯ ಆನೆ

1945ರಲ್ಲಿ ಯುದ್ಧ ಮುಗಿದಾಗ ಟೋಕಿಯೊದ ಬಹುಭಾಗ ಸುಟ್ಟು ಬಯಲಾಗಿತ್ತು. ಪಡಿತರದ ಅಕ್ಕಿ ಹೊಟ್ಟೆಗೆ ಸಾಲದೆ ನಗರದವರು ಕಿಕ್ಕಿರಿದ ರೈಲುಗಳಲ್ಲಿ ಹಳ್ಳಿಗೆ ಹೋಗಿ, ಜೋಪಾನವಾಗಿಟ್ಟಿದ್ದ ಕಿಮೋನೊ ಕೊಟ್ಟು ಗೆಣಸು ತರುತ್ತಿದ್ದರು. ಶಾಲೆಗಳಲ್ಲಿ ಮಕ್ಕಳಿಗೆ ಬ್ರೆಡ್ಡು, ಪುಡಿಯಿಂದ ಕಲಸಿದ ಹಾಲು ಸಿಗತೊಡಗಿತು.

ಆ ಮಕ್ಕಳಿಗೆ ಆನೆಯೂ ಬೇಕಿತ್ತು. ಟೋಕಿಯೊದ ಉಯೆನೊ ಮೃಗಾಲಯದ ಮೂರು ಆನೆಗಳನ್ನು 1943ರಲ್ಲಿ, ಬಾಂಬ್ ದಾಳಿಯ ವೇಳೆ ತಪ್ಪಿಸಿಕೊಂಡಾವೆಂಬ ಭಯದಿಂದ, ಉಪವಾಸ ಕೆಡವಿ ಕೊಂದಿದ್ದರು. ಎಂಥ ಘೋರ! ಮಕ್ಕಳು ನೆಹರೂ ಅವರಿಗೆ ಪತ್ರ ಬರೆದರು. ಅವರು ಕಳಿಸಿದ ಇಂದಿರಾ ಎಂಬ ಆನೆ 1949ರ ಸೆಪ್ಟೆಂಬರ್‌ನಲ್ಲಿ ಹಡಗಿನಿಂದಿಳಿಯಿತು. ಅದು ಮೈಸೂರು ಸೀಮೆಯದು. ಅದಕ್ಕೆ ಗೊತ್ತಿದ್ದುದು ಕನ್ನಡದ ಮಾತು. ಜಪಾನಿ ಪಾಲಕರು ಅದರ ಜೊತೆ ಬಂದ ಮಾವುತರಿಂದ ಕನ್ನಡ ಕಲಿತರು.

ಯುದ್ಧ ಸೋತ ಜಪಾನಿನ ಮೇಲಿದ್ದ ವಿದೇಶಿ ಸೇನಾಡಳಿತ 1952ರಲ್ಲಿ ಕೊನೆಗೊಂಡಿತು. ಮರುವರ್ಷ ಟಿವಿ ಪ್ರಸಾರ ಶುರುವಾಯಿತು. ಸೆಟ್ಟು ಕೊಳ್ಳಲಾಗದವರು ಬೀದಿಯಲ್ಲಿಟ್ಟ ಟಿವಿಗಳ ಮುಂದೆ ಗುಂಪುಗೂಡಿ ಕುಸ್ತಿ ನೋಡಿದರು.