ವಾಯುಪುತ್ರನ ಗುಡಿಯಿಂದ ವಾಯುವಾಹನದ ಕಾಡಿಗೆ

ಪುರಾಣ ಕೇಳಲು ಹರಿಕಥೆಗೆ ಹೋಗಬೇಕು, ವಿಜ್ಞಾನ ಕಲಿಯಲು ಶಾಲೆಗೆ ಹೋಗಬೇಕು ಎಂದು ನಾವು ಎರಡಕ್ಕೂ ಬೇರೆ ಬೇರೆ ಮನೆ ಕಟ್ಟಿಕೊಟ್ಟಿದ್ದೇವೆ. ಆದರೆ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳ ನಡುವೆ ಒಂದು ದಿನ ಸುತ್ತಿದರೆ ಎರಡೂ ಒಂದೇ ಕಟ್ಟೆಯ ಮೇಲೆ ಕುಳಿತು ಮಾತನಾಡುವುದು ಕಾಣುತ್ತದೆ. ಜನವರಿಯ ಒಂದು ರವಿವಾರ ಬುತ್ತಿ ಕಟ್ಟಿಕೊಂಡು, ಮೋಟಾರ್ ಸೈಕಲ್ ಮೇಲೆ ಒಬ್ಬನೇ ಈ ದಾರಿ ಹಿಡಿದೆ. ಒಬ್ಬನೇ ಹೋಗುವುದರಲ್ಲಿ ಒಂದು ಲಾಭವಿದೆ. ಬೇಕಾದಲ್ಲಿ ನಿಂತು, ಬೇಕಾದಷ್ಟು ಹೊತ್ತು ನೋಡಬಹುದು.

ಮೊದಲು ನಿಂತದ್ದು ಹಾವೇರಿಯ ಸಿದ್ಧೇಶ್ವರ ದೇವಾಲಯದಲ್ಲಿ. ಕಲ್ಯಾಣ ಚಾಲುಕ್ಯರ ಕಾಲದ ಈ ಗುಡಿ ರೂಢಿಗೆ ಹೊರತಾಗಿ ಪಶ್ಚಿಮಕ್ಕೆ ಮುಖ ಮಾಡಿದೆ. ಕಟ್ಟಿದ್ದು ಬಳಪದ ಕಲ್ಲಿನಿಂದ. ಇದರಲ್ಲಿರುವ ಟಾಲ್ಕ್ ಎಂಬ ಖನಿಜ ಗಡಸುತನದ ಮೋಸ್ ಮಾಪಕದಲ್ಲಿ 1ನೆಯ ಸ್ಥಾನದ್ದು, ಅಂದರೆ ಅತಿ ಮೃದು. ಶಿಲ್ಪಿಯ ಉಳಿಗೆ ಸೂಕ್ಷ್ಮ ಕೆತ್ತನೆ ಸುಲಭವಾದದ್ದು ಈ ಗುಣದಿಂದಲೇ.

ಮುಂದೆ ಬ್ಯಾಡಗಿ. ಒಣಗಲು ಹರವಿದ ಮೆಣಸಿನಕಾಯಿಯಿಂದ ನೆಲವೆಲ್ಲ ಕೆಂಪು. ಪುರಾಣಗಳಲ್ಲಿ ಎಷ್ಟು ಹುಡುಕಿದರೂ ಈ ಕಾಯಿ ಸಿಗದು. ಇದು ಅಮೆರಿಕ ಖಂಡದ ಗಿಡ. ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು. ಭೀಮಸೇನ ಅಡುಗೆಗೆ ಖಾರ ಹಾಕಿದ್ದರೆ ಅದು ಕಾಳುಮೆಣಸೇ ಇರಬೇಕು!

ಬ್ಯಾಡಗಿ ತಾಲ್ಲೂಕಿನ ಕದರಮಂಡಲಗಿಯಲ್ಲಿ ಕಾಂತೇಶನೆಂಬ ಆಂಜನೇಯ. ಇಲ್ಲಿಯ ಕಾಂತೇಶ, ಶಿಕಾರಿಪುರದ ಭ್ರಾಂತೇಶ, ಸಾತೇನಹಳ್ಳಿಯ ಶಾಂತೇಶ, ಈ ಮೂವರನ್ನೂ ಒಂದೇ ದಿನ ಕಂಡರೆ ಪುಣ್ಯವೆಂಬ ನಂಬಿಕೆಯಿದೆ. ಕಾಂತೇಶನ ಕಣ್ಣುಗಳು ಸಾಲಿಗ್ರಾಮ ಎಂಬುದು ಪ್ರತೀತಿ. ಸಾಲಿಗ್ರಾಮಗಳು ದೊರೆಯುವುದು ನೇಪಾಳದ ಗಂಡಕಿ ನದಿಯಲ್ಲಿ. ಅವುಗಳೊಳಗಿನ ಚಕ್ರ ವಿಷ್ಣುವಿನದೆಂದು ಭಕ್ತರು ಪೂಜಿಸುತ್ತಾರೆ. ಭೂವಿಜ್ಞಾನಿಗೆ ಅದು ಅಮೊನೈಟ್ ಎಂಬ ಕಡಲಜೀವಿಯ ಪಳೆಯುಳಿಕೆ. ಹಿಮಾಲಯ ಏಳುವ ಮೊದಲು ಅಲ್ಲಿ ಟೆಥಿಸ್ ಸಮುದ್ರವಿತ್ತು ಎಂಬುದಕ್ಕೆ ಅದೇ ಸಾಕ್ಷಿ. ಅಮೊನೈಟ್‌ಗಳು ಅಳಿದು ಸುಮಾರು 6.6 ಕೋಟಿ ವರ್ಷಗಳಾದವು. ಇಂಗ್ಲೆಂಡಿನ ವ್ಹಿಟ್ಬಿಯಲ್ಲಿ ಇಂಥವೇ ಕಲ್ಲುಗಳನ್ನು ಸಂತ ಹಿಲ್ಡಾ ಶಿಲೆಯಾಗಿಸಿದ ಹಾವುಗಳೆಂದು ನಂಬಿದ್ದರು. ಕಲ್ಲು ಒಂದೇ ಬಗೆಯದು, ಕಥೆ ಊರಿಗೊಂದು.

ಅಲ್ಲಿಂದ ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡಕ್ಕೆ ಬಂದೆ. ಮಣಿ-ಮಲ್ಲಾಸುರರನ್ನು ಕೊಂದ ಮೈಲಾರಲಿಂಗ ಇಲ್ಲಿ ಮಾಲತೇಶ. ಮಹಾನವಮಿಗೆ ಗೊರವಯ್ಯ ಬಿಲ್ಲನ್ನೇರಿ ಒಂದೇ ಸಾಲಿನ ಕಾರ್ಣಿಕ ನುಡಿಯುತ್ತಾನೆ. ಮಳೆ, ಬೆಳೆ, ರಾಜಕೀಯ ಎಲ್ಲಕ್ಕೂ ಜನ ಅದರಲ್ಲಿ ಅರ್ಥ ಹುಡುಕುತ್ತಾರೆ. ಗಿಡದ ನೆರಳಿಗೆ ಕುಳಿತಿದ್ದ ಹಿರಿಯ ರೈತರೊಬ್ಬರನ್ನು, “ಅಜ್ಜಾರ, ಕಾರ್ಣಿಕ ಕೇಳೇ ಬಿತ್ತತೀರೇನು?” ಎಂದು ಕೇಳಿದೆ. ಅವರು ನಕ್ಕರು. “ಕಾರ್ಣಿಕ ಮನಸ್ಸಿಗೆ ಧೈರ್ಯ ರೀ ಸರ. ಬಿತ್ತಾಕ ಮಾತ್ರ ಹೊಲದ ಹಸಿ ನೋಡ್ತೀವಿ.” ನಂಬಿಕೆಗೂ ಪರೀಕ್ಷೆಗೂ ಇರುವ ಗಡಿಯನ್ನು ನಾನು ತರಗತಿಯಲ್ಲಿ ಇಷ್ಟು ಚೆನ್ನಾಗಿ ಹೇಳಿದ್ದಿಲ್ಲ.

ಕೊನೆಯದು ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ. 1974ರಲ್ಲಿ ಘೋಷಿತವಾದ ಇದರ ವಿಸ್ತಾರ 119 ಚದರ ಕಿ.ಮೀ. ಪುರಾಣದಂತೆ ಜಿಂಕೆ ವಾಯುದೇವನ ವಾಹನ. ಕೃಷ್ಣಮೃಗ ಗಂಟೆಗೆ ಸುಮಾರು 80 ಕಿ.ಮೀ. ವೇಗದಲ್ಲಿ ಓಡಬಲ್ಲದು; ಕವಿಗಳ ಕಣ್ಣು ಚುರುಕಾಗಿಯೇ ಇತ್ತು! ಜಪಾನಿನ ನಾರಾ ಪಟ್ಟಣದಲ್ಲೂ ಜಿಂಕೆಗಳು ಕಾಸುಗಾ ದೇಗುಲದ ದೇವರ ದೂತರೆಂಬ ನಂಬಿಕೆಯಿದೆ. ಅಲ್ಲಿ ಅವು ಜನರ ನಡುವೆಯೇ ತಿರುಗುತ್ತವೆ.

ಸಂಜೆ ದೂರದಲ್ಲಿ ಒಂದು ಹಿಂಡು ಕಂಡಿತು. ತಿರುಚಿದ ಕೋಡಿನ ಗಂಡೊಂದು ತಲೆಯೆತ್ತಿ ನೋಡಿತು. ಒಂದು ಕಾಲಕ್ಕೆ ಇಲ್ಲಿ ಎರೆಭೂತ ಎಂಬ ದೊಡ್ಡ ಹಕ್ಕಿಯೂ ಇತ್ತು. ಹುಲ್ಲುಗಾವಲಿನಲ್ಲಿ ನೀಲಗಿರಿ ನೆಟ್ಟೆವು. ಇಂದು ಆ ಹಕ್ಕಿ ಇಲ್ಲಿಲ್ಲ. ಕೃಷ್ಣಮೃಗ ಉಳಿದಿದೆ, ಆದರೆ ಅದು ಹೊಲಕ್ಕೆ ನುಗ್ಗಿದರೆ ರೈತನಿಗೆ ನಷ್ಟ. ದೇವರ ವಾಹನವೆಂಬ ಗೌರವವೊಂದೇ ಸಾಲದು. ಹುಲ್ಲು ಉಳಿಯಬೇಕು, ರೈತನಿಗೆ ಪರಿಹಾರವೂ ಸಿಗಬೇಕು.

ಪಾಲಕರೇ, ಮುಂದಿನ ರಜೆಗೆ ಮಕ್ಕಳನ್ನು ಈ ದಾರಿಯಲ್ಲಿ ಕರೆದೊಯ್ಯಿರಿ. ಕಥೆಯನ್ನು ಅಜ್ಜಿ ಹೇಳಲಿ, ಪ್ರಶ್ನೆಯನ್ನು ಮಗು ಕೇಳಲಿ. ಎರಡಕ್ಕೂ ಸಮಯ ಕೊಡುವುದಷ್ಟೇ ನಿಮ್ಮ ಕೆಲಸ.